ಮಾರಿಕಣಿವೆಯ ಗಾಳಿಗೆ ಯಾವ ಬೋರ್ಡು?

‘ಅಣ್ಣಾ, ಆವತ್ತು ಮಾರಿಕಣಿವೆಯಲ್ಲಿ ನೀವಿಬ್ರೂ ದಡಕ್ಕೆ ಬಂದಿದ್ದು ದೊಡ್ಡ ಬೋರ್ಡ್ ಮೇಲೋ, ಸಣ್ಣ ಬೋರ್ಡ್ ಮೇಲೋ? ನಿಜ ಹೇಳು.’

ಹೋದ ವಾರ ಕಾರವಾರದಿಂದ ಫೋನು. ಮಾಡಿದವಳು ಶೈಲಾ. ಹೊಸದುರ್ಗದ ನನ್ನ ಗೆಳೆಯ, ಕೊಬ್ಬರಿ ವ್ಯಾಪಾರಿ ರುದ್ರೇಶನ ತಂಗಿ. ಅವಳಿಗೆ ಕಾರವಾರದ ಬ್ಯಾಂಕಿನಲ್ಲಿ ಕೆಲಸ. ಅಪ್ಪ ಹೋದ ಮೇಲೆ ಅವಳನ್ನು ಓದಿಸಿ ಬೆಳೆಸಿದವನು ರುದ್ರೇಶನೇ. ನನ್ನನ್ನೂ ಅವಳು ಅಣ್ಣಾ ಎಂದೇ ಕರೆಯುವುದು.

ಅವಳಿಗೆ ಈಗ ವಿಂಡ್‌ಸರ್ಫಿಂಗ್ ಹುಚ್ಚು. (ಗೊತ್ತಿಲ್ಲದವರಿಗೆ: ತೇಲುವ ಹಲಗೆ, ಅದರ ಮೇಲೊಂದು ಕಂಬ, ಕಂಬಕ್ಕೆ ಪಟ. ಹಲಗೆಯ ಮೇಲೆ ನಿಂತು, ಪಟ ಹಿಡಿದು, ಗಾಳಿಯ ಬಲದಲ್ಲಿ ನೀರಿನ ಮೇಲೆ ಓಡುವುದು. ಓಡುವುದಕ್ಕಿಂತ ಬೀಳುವುದೇ ಹೆಚ್ಚು.) ಯಾರೋ ಎರಡು ಸೆಕೆಂಡ್ ಹ್ಯಾಂಡ್ ಬೋರ್ಡು ಮಾರುತ್ತಿದ್ದಾರೆ. ಒಂದು ದೊಡ್ಡದು, ಒಂದು ಸಣ್ಣದು. ಸೋಮವಾರದೊಳಗೆ ಹೇಳಬೇಕು. ಅಲ್ಲಿ ಮಧ್ಯಾಹ್ನವಾದರೆ ಜೋರು ಗಾಳಿ, ಅಲೆಗಳ ಕುಲುಕಾಟ. ಕೋಚ್ ಸಣ್ಣದೇ ಸರಿ ಅಂದಿದ್ದಾರೆ. ರುದ್ರೇಶನ ಮಾತು ಬೇರೆ.

‘ದೊಡ್ಡದಾದ್ರೆ ತಗ, ಸಣ್ಣದಾದ್ರೆ ನೀರಿಗೇ ಇಳೀಬ್ಯಾಡ ಅಂತಾನೆ. ಬೋರ್ಡಿನ ಮೂತಿಗೆ ಮರಳು ಚೀಲ ಕಟ್ಕ ಅಂತ ಬೇರೆ! ಕೇಳಿದ್ರೆ ಮಾರಿಕಣಿವೆ ಕಥೆ ತೆಗೀತಾನೆ. ನೀನು ಹೇಳಿದ್ರೆ ಕೇಳ್ತಾನೆ ಅಣ್ಣಾ.’

ಹೇಳುವುದಕ್ಕೇನು? ನಾವು ಬಂದದ್ದು ಸಣ್ಣ ಬೋರ್ಡಿನ ಮೇಲೆ. ನನಗೆ ಚೆನ್ನಾಗಿ ನೆನಪಿದೆ. ತೀರಾ ಚೆನ್ನಾಗಿ ನೆನಪಿದೆ ಎಂಬುದೇ ನನ್ನ ಅನುಮಾನಕ್ಕೆ ಕಾರಣ.

ತೊಂಬತ್ತರ ದಶಕದ ನಡುವಿನ ಮಾತು. ಫಿಸಿಕ್ಸ್ ಎಂಎಸ್ಸಿ ಮುಗಿಸಿ ನಾನು ಕೆಲಸವಿಲ್ಲದೆ ದುರ್ಗದಲ್ಲಿದ್ದೆ. ನಮ್ಮ ಗುಡ್ಡಗಳ ಗಾಳಿ ಅಳೆಯಲು ಪುಣೆಯಿಂದ ಮಿಲಿಂದ್ ಎಂಬ ಎಂಜಿನಿಯರ್ ಬಂದ. ಆಗಿನ್ನೂ ಈ ಗಾಳಿಯಂತ್ರಗಳಿರಲಿಲ್ಲ. ಗುಡ್ಡದ ನೆತ್ತಿಯಲ್ಲಿ ಒಂದು ಕಂಬ, ಅದರ ತುದಿಯಲ್ಲಿ ಗಿರ್ರೆನ್ನುವ ಬಟ್ಟಲುಗಳು. ಅಂಕಿ ಬರೆದುಕೊಳ್ಳುವುದು ನನ್ನ ಕೆಲಸ. ಎಂಥ ಸುಖದ ಕೆಲಸ! ಗಾಳಿ ಬೀಸಿದರೆ ಸಂಬಳ.

ಭಾನುವಾರ ಮಿಲಿಂದ್ ಜೀಪಿನ ತಲೆಯ ಮೇಲೆ ಎರಡು ಬೋರ್ಡು ಕಟ್ಟಿಕೊಂಡು ಹಿರಿಯೂರಿನ ಹತ್ತಿರದ ಮಾರಿಕಣಿವೆ ಡ್ಯಾಮಿನ ಹಿನ್ನೀರಿಗೆ ಹೊರಡುತ್ತಿದ್ದ. ಜೊತೆಗೆ ನಾನು, ರುದ್ರೇಶ, ಹಿಂದಿನ ವರ್ಷ ಮದುವೆಯಾಗಿ ಬಂದಿದ್ದ ಅವನ ಹೆಂಡತಿ ಗಿರಿಜಕ್ಕ, ಒಂದು ಚೀಲ ಮಂಡಕ್ಕಿ. ದೊಡ್ಡ ಬೋರ್ಡು ಬಾಗಿಲಿನಷ್ಟಿತ್ತು. ಸಣ್ಣದು ಇಸ್ತ್ರಿ ಹಲಗೆಯಷ್ಟು. ಮಿಲಿಂದ್ ಹೇಳುತ್ತಿದ್ದ: ಗಾಳಿ ಜೋರಾದಷ್ಟೂ ಬೋರ್ಡು ಸಣ್ಣದಾಗಬೇಕು, ಪಟವೂ ಸಣ್ಣದಾಗಬೇಕು. ದೊಡ್ಡದು ಅಲೆ ಮೇಲೆ ಕುಪ್ಪಳಿಸುತ್ತೆ, ಮೂತಿಯ ಕೆಳಗೆ ಗಾಳಿ ನುಗ್ಗಿ ಎತ್ತಿ ಬಿಸಾಡುತ್ತೆ.

ಆಷಾಢದ ಒಂದು ಭಾನುವಾರ ಅವನು ನಮ್ಮನ್ನು ದಡದಲ್ಲಿ ಬಿಟ್ಟು, ‘ಇವತ್ತು ನೀರಿಗಿಳಿಯಬೇಡಿ’ ಎಂದು ಹೇಳಿ, ಕಂಬ ನೋಡಲು ಗುಡ್ಡ ಹತ್ತಿದ. ಇಳಿಯಬೇಡಿ ಎಂದರೆ ಆ ವಯಸ್ಸಿನಲ್ಲಿ ಏನರ್ಥ?

ರುದ್ರೇಶ ದೊಡ್ಡದನ್ನು ಎತ್ತಿಕೊಂಡ. ಮೂತಿ ಗಾಳಿಗೆ ಏಳುವುದನ್ನು ನೋಡಿ ಗೋಣಿಚೀಲಕ್ಕೆ ಕಲ್ಲು ತುಂಬಿ ಅದರ ಮೇಲೆ ಬಿಗಿದ. ‘ಆಷಾಢದಾಗೆ ಮನೆ ಶೀಟಿನ ಮ್ಯಾಲೆ ಕಲ್ಲಿಡಾಕಿಲ್ವೇನಲೇ? ಇದೂ ಹಂಗೇಯ’ ಎಂದ. ನಾನು ಫಿಸಿಕ್ಸ್ ಓದಿದವನು. ನನಗೂ ಅದು ಸರಿಯೆನಿಸಿತ್ತು!

ಇಲ್ಲಿಯವರೆಗೆ ನಮ್ಮಿಬ್ಬರ ಕಥೆ ಒಂದೇ. ಆಮೇಲೆ ಎರಡು. ನನ್ನ ಕಥೆಯಲ್ಲಿ ಅವನ ಬೋರ್ಡು ಅಲೆಗೆ ಮೂತಿ ಚುಚ್ಚಿ ಮಗುಚುತ್ತದೆ. ನಾನು ಸಣ್ಣ ಬೋರ್ಡಿನಲ್ಲಿ ಜರ್ರನೆ ಹೋಗಿ, ಅವನನ್ನು ಹಿಂದೆ ನೇತುಹಾಕಿಕೊಂಡು ದಡ ಮುಟ್ಟಿಸುತ್ತೇನೆ. ಅವನ ಕಥೆಯಲ್ಲಿ ಮುಳುಗಿದವನು ನಾನು. ಕಲ್ಲು ಕಟ್ಟಿದ ದೊಡ್ಡ ಬೋರ್ಡಿನಲ್ಲಿ ಬಂದು ಕಾಪಾಡಿದವನು ಅವನು.

ಮೊನ್ನೆ ಭಾನುವಾರ ಹೊಸದುರ್ಗದ ಬಸ್ಸು ಹತ್ತಿದೆ. ಹಿಂದೆ ಗುಡ್ಡದ ಮೇಲೆ ಬಿಳಿ ರೆಕ್ಕೆಗಳು ತಿರುಗುತ್ತಿದ್ದವು. ಮಿಲಿಂದನ ಮುಖ ನೆನಪು ಮಾಡಿಕೊಳ್ಳಲು ನೋಡಿದೆ. ಹೊಳಲ್ಕೆರೆ ದಾಟಿದರೂ ಬರಲಿಲ್ಲ. ಅವನ ಜೀಪಿನ ಹಾರ್ನು ಮಾತ್ರ ಕೇಳಿಸಿತು.

‘ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ’ ಎಂದಳು ಗಿರಿಜಕ್ಕ, ಮನೆ ಬಾಗಿಲಲ್ಲಿ. (ಗಾಳಿಯ ಕೆಲಸ ಮುಗಿದ ಮೇಲೆ ನಾನು ಮೇಷ್ಟ್ರಾದೆ.) ರುದ್ರೇಶ ಪೇಪರಿನಿಂದ ತಲೆ ಎತ್ತಲಿಲ್ಲ.

‘ಏನಪ್ಪ, ಅವಳ ಪರ ವಕಾಲತ್ತಿಗೆ ಬಂದೀಯೇನು?’

‘ಅವಳ ತೂಕಕ್ಕೆ ಇಷ್ಟು ಲೀಟರ್ ಅಂತ ಲೆಕ್ಕ ಇರ್ತದೆ ಕಣೋ. ಸಣ್ಣದೇ ಸರಿಹೋಗುತ್ತಂತೆ.’

‘ಲೀಟರಾ? ಬೋರ್ಡೇನು ಹಾಲೇನಲೇ?’

‘ಎಷ್ಟು ಭಾರ ತೇಲಿಸುತ್ತೆ ಅನ್ನೋ ಅಳತೆ. ದೊಡ್ಡದು ಆ ಗಾಳಿಗೆ ನಿಲ್ಲಲ್ಲ.’

‘ನಿಲ್ಲಲ್ವಾ? ಆವತ್ತು ನಿನ್ನ ಎಳ್ಕಂಡು ಬಂದದ್ದು ಯಾವ್ದು? ನನ್ನ ದೊಡ್ಡ ಬೋರ್ಡು!’

‘ನಿನ್ನನ್ನ ಎಳೆದು ತಂದದ್ದು ನಾನು. ಸಣ್ಣದರಲ್ಲಿ.’

‘ಲೇ, ಓದಿದ್ದು ಜಾಸ್ತಿ ಆಗಿ ತಲೆ ಕೆಟ್ಟೈತೆ ನಿನಗೆ. ಒಬ್ಬಳೇ ತಂಗಿ ಐದಾಳೆ ನನಗೆ, ಇಸ್ತ್ರಿ ಹಲಗೆ ಮ್ಯಾಲೆ ಸಮುದ್ರಕ್ಕೆ ಕಳಿಸ್ಲಾ?’

ಕೊನೆಯ ಮಾತಿಗೆ ಅವನು ಪೇಪರ್ ಮಡಚಿಟ್ಟ.

ಗಿರಿಜಕ್ಕ ಮಂಡಕ್ಕಿ ತಟ್ಟೆ ಇಟ್ಟವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. ‘ಏನ್ರೀ ಇಬ್ರೂ? ಬೋರ್ಡಿನ ಮ್ಯಾಲೆ ಯಾವಾಗ ಬಂದ್ರಿ? ತೆಪ್ಪದಾಗೆ ಕುಂತ್ಕಂಡು ಬಂದ್ರಲ್ಲ! ಮೀನು ಹಿಡಿಯೋರು ಕೂದಲು ಹಿಡಿದು ಎತ್ತಿ ಹಾಕ್ಕಂಡಿದ್ರು. ತೋಯ್ದ ಕೋಳಿ ಇದ್ದಂಗಿದ್ರಿ. ಎರಡು ಬೋರ್ಡೂ ಹಿಂದೆ ಹಗ್ಗದಾಗೆ ಕಟ್ಟಿದ್ರು, ಕರ ಎಳ್ಕಂಡು ಬಂದಂಗೆ. ದಡದಾಗೆ ನಿಂತು ಅತ್ತೋಳು ನಾನು. ನನಗೆ ಗೊತ್ತಿಲ್ವಾ?’

ನಾನು ರುದ್ರೇಶನನ್ನು ನೋಡಿದೆ. ಅವನು ಮಂಡಕ್ಕಿಯಲ್ಲಿ ಶೇಂಗಾ ಹುಡುಕುತ್ತಿದ್ದ.

ನೆನಪೆಂದರೆ ಒಂದೇ ಕ್ಯಾಸೆಟ್ಟಿನ ಮೇಲೆ ಮತ್ತೆ ಮತ್ತೆ ರೆಕಾರ್ಡ್ ಮಾಡಿದ ಹಾಡು ಎಂದು ತರಗತಿಯಲ್ಲಿ ನಾನೇ ಹೇಳುತ್ತೇನೆ. ಇಷ್ಟು ವರ್ಷ ನಾವಿಬ್ಬರೂ ಆ ತೆಪ್ಪದ ಮೇಲೆ ನಮ್ಮ ನಮ್ಮ ಹಾಡು ತುಂಬಿಸಿದ್ದೆವೇ? ಗಿರಿಜಕ್ಕನ ನೆನಪೂ ನೆನಪೇ ತಾನೆ ಎಂದು ವಾದಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಎಲ್ಲಿಂದಲೋ ಮೀನಿನ ವಾಸನೆ ಬಂದಂತಾಯಿತು. ಬೆನ್ನಿಗೆ ಬುಟ್ಟಿಯಂಥ ತೆಪ್ಪದ ಒರಟು ಬಿದಿರು ತಾಗಿದಂತೆ. (ನಿಜವೋ, ಆಗಷ್ಟೇ ಹುಟ್ಟಿದ್ದೋ? ಆಣೆ ಮಾಡಲಾರೆ.)

ತಟ್ಟೆ ಪಕ್ಕಕ್ಕಿಟ್ಟು ರುದ್ರೇಶ ಮೊಬೈಲ್ ತೆಗೆದ.

‘ಲೇ ಶೈಲಿ, ಬೋರ್ಡು ನಿನಗೆ ಯಾವ್ದು ಬೇಕೋ ಅದು ತಗ. ಚೀಲ ಗೀಲ ಕಟ್ಟಬ್ಯಾಡ. ಅಲ್ಲಿ ತೆಪ್ಪ ಐತೇನು?’

‘ತೆಪ್ಪನಾ? ರೆಸ್ಕ್ಯೂ ಬೋಟ್ ಇರುತ್ತೆ ಅಣ್ಣಾ. ಅದು ನೀರಿಗೆ ಇಳಿಯೋ ತನಕ ನಮ್ಮನ್ನ ಬಿಡಲ್ಲ.’

‘ಯಾರು ನಡೆಸಾದು ಅದನ್ನ? ಮೊದಲು ಅವರ ಹೆಸರು ಕೇಳಿ ಇಟ್ಕ.’

ಫೋನಿಟ್ಟು ಅವನು ನನ್ನನ್ನು ನೋಡಿದ. ನಾನು ಗಿರಿಜಕ್ಕನನ್ನು ನೋಡಿದೆ. ಅವಳೂ ಗೊತ್ತಿಲ್ಲವೆಂದು ತಲೆಯಾಡಿಸಿದಳು. ಬೋರ್ಡುಗಳ ಉದ್ದಗಲ, ಪಟದ ಬಣ್ಣ, ಗೋಣಿಚೀಲದ ಗಂಟು ಎಲ್ಲ ನೆನಪಿದೆ. ನಮ್ಮನ್ನು ಕೂದಲು ಹಿಡಿದು ಎತ್ತಿಕೊಂಡವರ ಹೆಸರೇನು?