ಮೂರು ತಾಸಿನ ದಾರಿ

ಅವ್ವ ತೀರಿಕೊಂಡಾಗ ತಮ್ಮ ಮಸ್ಕತ್‌ನಲ್ಲಿದ್ದ. ಅಲ್ಲಿ ಕ್ರೇನ್ ನಡೆಸುತ್ತಾನೆ.

"ಎಷ್ಟು ತಾಸಿನ ದಾರಿ ಐತವ್ವಾ?" ಎಂದು ಕಾಕಾ ನನ್ನನ್ನು ಕೇಳಿದರು.

ಮೊಬೈಲ್ ನೋಡಿ, "ಬೆಂಗಳೂರಿಗೆ ವಿಮಾನದಾಗ ಮೂರು ತಾಸ್ರಿ" ಎಂದೆ.

"ಹಂಗಾದ್ರ ಕಾಯೂಣು. ಹುಬ್ಬಳ್ಳಿಯಿಂದ ಐಸ್ ಪೆಟಗಿ ತರಸೂದು ಬ್ಯಾಡ."

ಅವ್ವನಿಗೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದರು. ಟಿಕೆಟ್ ಸಿಗುವ ಹೊತ್ತನ್ನಾಗಲಿ, ಬೆಂಗಳೂರಿನಿಂದ ನಮ್ಮೂರು ಕುಬಿಹಾಳಕ್ಕೆ ಬರುವ ಹೊತ್ತನ್ನಾಗಲಿ ನಾನು ಎಣಿಸಿರಲಿಲ್ಲ. ಸಂಜೆಯಾದರೂ ಅವನು ಬಾರದಿದ್ದಾಗ ಹಿರಿಯರು, ಐಸ್ ಇಲ್ಲದೆ ಇನ್ನು ಇಡಲಾಗದೆಂದು ಮಣ್ಣು ಮಾಡಿಬಿಟ್ಟರು.

ಮರುದಿನ ಮಧ್ಯಾಹ್ನ ಬಂದ ತಮ್ಮ ಹಸಿ ಮಣ್ಣಿನ ಮುಂದೆ ಕುಳಿತ. ತಪ್ಪು ನನ್ನದೆಂದು ಹೇಳಿದೆ. ಅವನು ಹೇಳಿದ:

"ಮಸ್ಕತ್‌ಗೆ ಹೋಗೂವಾಗ ನಾನೂ ಅವ್ವಗ ಅದನ್ನ ಹೇಳಿದ್ದೆ, ಅಕ್ಕಾ. ಮೂರು ತಾಸಿನ ದಾರಿ, ಕರದ್ರ ಬಂದಬಿಡ್ತೀನಿ ಅಂತ."