ಸೋಮವಾರದ ಚಪಾತಿ

“ಮಂಗಳವಾರವೇ ಇವಳಿಗೆ ಶಾಲೆ ತಪ್ಪೋದು ಯಾಕೆ? ಸೋಮವಾರ ರಾತ್ರಿ ಎಂತ ಕೊಡ್ತೀರಿ?” ಕುಮಟಾದ ಡಾಕ್ಟರು ನನ್ನನ್ನು ಕೇಳಿದರು. ಎಂಟು ವರ್ಷದ ಮಗಳು ಹೊಟ್ಟೆ ಹಿಡಿದುಕೊಂಡು ಪಕ್ಕದಲ್ಲಿ ಕೂತಿದ್ದಳು. 2003ರ ಮಾತು.

“ಚಪಾತಿ, ಡಾಕ್ಟ್ರೇ. ಇವಳ ಹೊಟ್ಟೆನೋವು ಗುಣ ಆಗ್ಲಿ ಅಂತ್ಲೇ ಹರಕೆ ಹೊತ್ತು ನಾನೂ ಇವಳೂ ಸೋಮವಾರ ರಾತ್ರಿ ಅನ್ನ ಬಿಟ್ಟಿದ್ದೇವೆ.”

ಉಳಿದ ದಿನ ನಮ್ಮಲ್ಲಿ ಗಂಜಿ, ಅನ್ನ, ಮೀನುಸಾರು. ಸಂಜೆ ಚಹಾಕ್ಕೆ ಎರಡು ಬಿಸ್ಕೆಟ್. ರಕ್ತ, ಕರುಳು ಎರಡರ ಪರೀಕ್ಷೆಯೂ ಆದಮೇಲೆ ಸೀಲಿಯಾಕ್ ಕಾಯಿಲೆ ಎಂದರು. ಗೋಧಿಯಲ್ಲಿರುವ ಗ್ಲುಟೆನ್ ಅವಳ ಕರುಳನ್ನು ಕೆಡಿಸುತ್ತಿತ್ತು. ಇದಕ್ಕೆ ಮಾತ್ರೆಯಿಲ್ಲ, ಗೋಧಿ, ರವೆ, ಮೈದಾ, ಸಂಜೆಯ ಆ ಬಿಸ್ಕೆಟ್ ಕೂಡ ಜೀವನಪೂರ್ತಿ ಬಿಡಬೇಕು.

ಹರಕೆ ಮುರಿದಿಲ್ಲ. ಅವಳಿಗಾಗಿ ನಾನು ಈಗ ಬಿಟ್ಟಿರುವುದು ಗೋಧಿಯನ್ನು. ಸೋಮವಾರ ರಾತ್ರಿ ತಾಯಿ ಮಗಳು ಹೊಟ್ಟೆ ತುಂಬ ಅನ್ನ ಉಣ್ಣುತ್ತೇವೆ.