ಮೂಳೆಗೆ ಕಲಾಯಿ

ನಾನು ಇಂಜಿನಿಯರ್ ಆಗುವುದು ಈ ಜನ್ಮಕ್ಕಿಲ್ಲ ಎಂದು ಮೊದಲು ಸಾರಿದವರು ಯಲ್ಲದಕೆರೆಯ ನಮ್ಮ ದೊಡ್ಡಪ್ಪ ತಿಪ್ಪೇಸ್ವಾಮಿ. "ನಮ್ಮನೇಲಿ ಹೈಸ್ಕೂಲ್ ದಾಟಿರೋದು ಕುರಿ ಮಾತ್ರ ಕಣಲೇ, ಅದೂ ಆಚೆ ಕಡೆ ಮೇಯಾಕೆ" ಎಂದಿದ್ದರು. ತೊಂಬತ್ತರ ದಶಕದ ಕೊನೆಗೆ ನಾನು ಚಿತ್ರದುರ್ಗದಲ್ಲಿ ಮೆಕ್ಯಾನಿಕಲ್ ಓದುತ್ತ, ಪ್ರಾಜೆಕ್ಟ್ ವೈವಾದಲ್ಲಿ ಒಮ್ಮೆ ಫೇಲಾಗಿ, ಅವರ ಮಾತನ್ನು ಮುಕ್ಕಾಲು ಭಾಗ ನಿಜ ಮಾಡಿದ್ದೆ. ಇನ್ನೊಮ್ಮೆ ಫೇಲಾದರೆ ಓದು ಬಂದ್ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

ನನ್ನ ವಿಷಯ, ಮುರಿದ ಮೂಳೆಗೆ ಕೂರಿಸುವ ಲೋಹದ ಪಟ್ಟಿಗಳಿಗೆ ರಕ್ಷಣೆಯ ಲೇಪ. ನಮ್ಮ ರಕ್ತ ಉಪ್ಪುನೀರಿನ ಸಂಬಂಧಿ. ಎಂಥ ಸ್ಟೀಲನ್ನೂ ಮೆಲ್ಲಗೆ ತಿನ್ನುತ್ತದೆ. ಇದನ್ನು ಊರಿನಲ್ಲಿ ಅರ್ಧ ಗಂಟೆ ವಿವರಿಸಿದೆ. ದೊಡ್ಡಪ್ಪ ಬೀಡಿ ಆರಿಸಿ, "ಪಾತ್ರೆಗೆ ಹಾಕೋ ಕಲಾಯಿ ಅನ್ನು ಕಣಲೇ. ಇದ್ಕೆ ನಾಕು ವರ್ಷ ಬೇಕೇನಪ್ಪ?" ಎಂದರು.

ಟೈಟೇನಿಯಂ ಎಂಬ ಲೋಹವಿದೆ. ಗಾಳಿ ಸೋಕಿದ್ದೇ ತಡ, ತಾನೇ ಒಂದು ಪೊರೆ ಹೊದ್ದುಕೊಳ್ಳುತ್ತದೆ. ಗೀರಿದರೂ ಮತ್ತೆ ಹೊದೆಯುತ್ತದೆ. ನಾನೂ ಕಾಲೇಜಿಗೆ ಕಾಲಿಟ್ಟೊಡನೆ ಇಂಗ್ಲಿಷ್ ಹೊದ್ದುಕೊಂಡವನೇ. ನನ್ನದು ಮಾತ್ರ ಗೀರಿದರೆ ಹೋಯಿತು, ಒಳಗಿನಿಂದ "ಐತೆ ಸಾರ್" ಹೊರಬೀಳುತ್ತಿತ್ತು.

ಎರಡನೇ ವೈವಾದಲ್ಲಿ ಗೀರಿದವರು ಹೊರಗಿನಿಂದ ಬಂದಿದ್ದ ಪರೀಕ್ಷಕರು. ಲೇಪಕ್ಕೆ ಮುಂಚೆ ಲೋಹವನ್ನು ಅಷ್ಟೊಂದು ಉಜ್ಜುವುದೇಕೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಬಾಯಿಪಾಠ ಮಾಡಿದ್ದ ಎರಡು ಪುಟವೂ ಮಾಯ. ಬಾಯಿಂದ ಬಂದದ್ದು ಇಷ್ಟು: "ಕಲಾಯಿ ಸಾರ್! ಹಿತ್ತಾಳೆ ಪಾತ್ರೆ ಜಿಡ್ಡಿದ್ರೆ ತವರ ಹಿಡಿಯಾಕಿಲ್ಲ."

ಪಕ್ಕದಲ್ಲಿದ್ದ ನಮ್ಮ ಮೇಷ್ಟರು ಹಣೆ ಹಿಡಿದುಕೊಂಡರು. ಪರೀಕ್ಷಕರು ಕುರ್ಚಿ ಮುಂದಕ್ಕೆಳೆದು ಕನ್ನಡಕ್ಕಿಳಿದರು. "ಹೇಳ್ರಿ, ಒಂದು ಚುಕ್ಕೆಯಷ್ಟು ಜಾಗ ಬಿಟ್ಟುಹೋದ್ರೆ?"

"ಅಲ್ಲೇ ಶುರು ಸಾರ್. ಪಾತ್ರೆ ಪೂರಾ ಹೊಳೀತಿದ್ರೂ ಮಜ್ಜಿಗೆ ಆ ಚುಕ್ಕೇಲೇ ಹಸ್ರಾಗ್ತದೆ. ಕಾಲೊಳಗಿನ ಪಟ್ಟಿಗೂ ಹಂಗೇ. ಆ ತೂತೊಳಗೇ ಕೊರೀತಾ ಹೋಗ್ತದೆ."

"ನಮ್ಮವ್ವನೂ ಇದನ್ನೇ ಹೇಳ್ತಿದ್ಲು" ಎಂದು ಅವರು ಅಂಕ ಬರೆದರು. ಪಾಸಾದೆ.

ಪ್ರಮಾಣಪತ್ರ ಬಂದ ದಿನ ಹಿರಿಯೂರಿನಲ್ಲಿ ಬಸ್ಸು ಬದಲಿಸಿ, ಅದನ್ನು ಎದೆಗವಚಿಕೊಂಡು ನಿಂತೇ ಊರಿಗೆ ಹೋದೆ. ದೊಡ್ಡಪ್ಪನ ಕೈಗಿಟ್ಟೆ. ಅವರು ಪಂಚೆಗೆ ಕೈ ಒರೆಸಿ ಹಿಡಿದು, ಹಿಂದೆ ಮುಂದೆ ತಿರುಗಿಸಿದರು.

"ನಿಮ್ಮಪ್ಪನ ಹೆಸ್ರು ಎಲ್ಲೈತಲೇ?"

"ಇಲ್ಲ ದೊಡ್ಡಪ್ಪ. ಇದರಲ್ಲಿ ನನ್ನ ಹೆಸರು ಮಾತ್ರ."

"ನಿಮ್ಮವ್ವಂದು? ನಂದು?"

"ಅದೂ ಇಲ್ಲ."

ದೊಡ್ಡಪ್ಪ ಪತ್ರವನ್ನು ನನಗೇ ವಾಪಸು ಚಾಚಿದರು. "ತಪ್ಪು ಬರ್ದವ್ರೆ ಕಣಪ್ಪ. ನೀನೊಬ್ನೇ ಓದ್ದಂಗೆ ಬರ್ದವ್ರೆ."